ಮಬ್ಬು ಬೆಳಕಿನ ಮನೆಗಳಲ್ಲಿ ಕುಂಡದ ಗಿಡಗಳು: ತೆಂಗಿನ ಸೀಮೆಯ ಗೃಹಸ್ಥರಲ್ಲಿ ಒಂದು ವಿಜ್ಞಾಪನೆ

ವ್ಯವಸಾಯದ ಮಾಸಪತ್ರಿಕೆಯಲ್ಲಿ ರಾಗಿ, ಹುರುಳಿ, ತೆಂಗುಗಳ ಮಾತನ್ನು ಬಿಟ್ಟು, ಮನೆಯೊಳಗೆ ಅಲಂಕಾರಕ್ಕಾಗಿ ಇಡುವ ಕುಂಡದ ಗಿಡಗಳ ವಿಷಯವನ್ನೆತ್ತಿರುವುದು ಏತಕ್ಕೆಂದು ಊರಿನ ಯಜಮಾನರೂ ತೋಟದ ಒಡೆಯರೂ ಕೇಳಬಹುದು. ಕೇಳುವುದು ನ್ಯಾಯವೇ ಸರಿ. ಆದರೆ ಈಚೆಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸುತ್ತಣ ಗ್ರಾಮಗಳಲ್ಲಿ ಸಂಚರಿಸುವವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ಅರಳಗುಪ್ಪೆಯಂಥ ಊರಿನಲ್ಲಿಯೂ ಹೊಸದಾಗಿ ಕಟ್ಟಿದ ಮನೆಯ ಪಡಸಾಲೆಯಲ್ಲಿ ಒಂದೆರಡು ಕುಂಡಗಳಿರುತ್ತವೆ. ಗೃಹಪ್ರವೇಶಕ್ಕೆ ಬಂದ ಬೆಂಗಳೂರಿನ ನೆಂಟರು ತಂದದ್ದೋ, ಮಕ್ಕಳು ಪೇಟೆಯಿಂದ ಕೊಂಡದ್ದೋ ಇರಬಹುದು. ಇವುಗಳಲ್ಲಿ ಬಹುಪಾಲು ಒಂದು ವರ್ಷ ತುಂಬುವುದರೊಳಗೆ ಕೊಳೆತು ತಿಪ್ಪೆಯನ್ನು ಸೇರುತ್ತವೆ. ಗಿಡ ಸತ್ತರೆ ಹೋಗುವುದು ಮುನ್ನೂರು ನಾನೂರು ರೂಪಾಯಿ. ಅಷ್ಟಕ್ಕಾಗಿ ಈ ಪತ್ರಿಕೆಯ ಪುಟವನ್ನು ಬಳಸಬೇಕಾಗಿರಲಿಲ್ಲ. ಆದರೆ ಗಿಡದ ಎಲೆಯಡಿಯಲ್ಲಿ ಅಡಗಿ ಬಂದ ಕೀಟವು ಹಿತ್ತಿಲನ್ನು ದಾಟಿ ತೆಂಗಿನ ತೋಟವನ್ನು ಹೊಕ್ಕರೆ ಆಗುವ ನಷ್ಟದ ಲೆಕ್ಕವೇ ಬೇರೆ. ಗಿಡವನ್ನು ಬದುಕಿಸುವ ಬಗೆಯನ್ನು ಮೊದಲು ಹೇಳಿ, ತೋಟದ ವಿಷಯಕ್ಕೆ ಅನಂತರ ಬರುತ್ತೇನೆ.

ಡ್ರೆಸೀನಾ ಎಂಬುದು ಒಂದೇ ಗಿಡದ ಹೆಸರಲ್ಲ, ದೊಡ್ಡದೊಂದು ಕುಲದ ಹೆಸರು. ಮುಸುಕಿನ ಜೋಳದ ಎಲೆಯಂತೆ ಅಗಲವಾದ ಎಲೆಗಳುಳ್ಳ ಫ್ರಾಗ್ರನ್ಸ್, ಕೆಂಪಂಚಿನ ಕಿರಿದಾದ ಎಲೆಗಳ ಮಾರ್ಜಿನೇಟ, ಗಾಜಿನ ಪಾತ್ರೆಯ ನೀರಿನಲ್ಲಿ ನಿಲ್ಲಿಸಿ ‘ಲಕ್ಕಿ ಬ್ಯಾಂಬೂ’ ಎಂದು ಮಾರುವ ಸ್ಯಾಂಡರಿಯಾನ, ಇವೆಲ್ಲವೂ ಈ ಕುಲಕ್ಕೆ ಸೇರಿದವು. ಕೊನೆಯದು ಬಿದಿರಲ್ಲ, ಅದೃಷ್ಟಕ್ಕೂ ಅದಕ್ಕೂ ಇರುವ ಸಂಬಂಧವನ್ನು ನಾನಂತೂ ಕಂಡಿಲ್ಲ. ಹಾವಿನ ಮೈಯಂತೆ ಪಟ್ಟೆಗಳುಳ್ಳ ನೆಟ್ಟಗಿನ ಎಲೆಗಳ ಗಿಡವನ್ನು ಸಸ್ಯಶಾಸ್ತ್ರಜ್ಞರು ಹಿಂದೆ ಸಾನ್ಸಿವೇರಿಯ ಎಂದು ಕರೆಯುತ್ತಿದ್ದರು. ಈಗ ಅದನ್ನೂ ಡ್ರೆಸೀನಾ ಕುಲದಲ್ಲಿಯೇ ಸೇರಿಸಿದ್ದಾರೆ. ಇವುಗಳಲ್ಲಿ ಹೆಚ್ಚಿನವು ಆಫ್ರಿಕ ಖಂಡದವು. ಆದರೆ ಈ ಬಳಗದ ಒಂದು ಗಿಡ ನಮ್ಮ ದೇಶದ್ದೇ ಆಗಿದೆ. ರಾಕ್ಸ್‌ಬರ್ಗಿಯಾನ ಎಂಬ ಹೆಸರಿನ ಅದರ ನಾರಿನಿಂದ ಹಿಂದಿನವರು ಬಿಲ್ಲಿನ ಹೆದೆಯನ್ನು ಹೊಸೆಯುತ್ತಿದ್ದರು. ಸಂಸ್ಕೃತದ ‘ಮೂರ್ವಾ’ ಇದೇ ಎಂದು ಹಲವರು ಗುರುತಿಸುತ್ತಾರೆ. ಬಿಲ್ಲಿನ ಹೆದೆಗೆ ‘ಮೌರ್ವಿ’ ಎಂಬ ಹೆಸರು ಬಂದದ್ದು ಮೂರ್ವಾ ಎಂಬ ಮಾತಿನಿಂದಲೇ.

ಕಾಡಿನಲ್ಲಿ ಫ್ರಾಗ್ರನ್ಸಿನಂಥ ಗಿಡಗಳು ದೊಡ್ಡ ಮರಗಳ ಕೆಳಗೆ, ಸೋಸಿ ಬರುವ ಬೆಳಕಿನಲ್ಲಿ ಬೆಳೆಯತಕ್ಕವು. ಇದರಿಂದಲೇ ‘ಇದಕ್ಕೆ ಬೆಳಕು ಬೇಡ’ ಎಂಬ ತಪ್ಪು ಮಾತು ಹುಟ್ಟಿಕೊಂಡಿದೆ. ಬೆಳಕು ಬೇಡದ ಹಸಿರು ಗಿಡವೆಂಬುದು ಲೋಕದಲ್ಲಿಲ್ಲ. ಕಡಮೆ ಬೆಳಕನ್ನು ಸಹಿಸುವ ಗಿಡಗಳುಂಟು, ಅಷ್ಟೆ. ತೋಟದ ಒಡೆಯರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದದ್ದಿಲ್ಲ. ತೆಂಗು ಸುಮಾರು 8 ವರ್ಷದ್ದಾದಂದಿನಿಂದ 25 ವರ್ಷದವರೆಗೆ ಗರಿಗಳು ಹೆಣೆದುಕೊಂಡು ನೆಲಕ್ಕೆ ಬೀಳುವ ಬೆಳಕು ಬಹಳ ಕಡಮೆಯಾಗುತ್ತದೆ. ಆ ಕಾಲದಲ್ಲಿ ಒಳಬೆಳೆಯಾಗಿ ಬಾಳೆಯನ್ನು ಹಾಕಿದರೆ ಗಿಡ ನಿಲ್ಲುತ್ತದೆ, ಗೊನೆ ಸೊರಗುತ್ತದೆ. ಮರ ಎತ್ತರವಾದ ಮೇಲೆ ಬೆಳಕು ಮತ್ತೆ ಕೆಳಗಿಳಿಯುತ್ತದೆ, ಬಾಳೆಯೂ ಚೇತರಿಸಿಕೊಳ್ಳುತ್ತದೆ. ಪಡಸಾಲೆಯ ಮೂಲೆಯಲ್ಲಿಟ್ಟ ಕುಂಡದ ಸ್ಥಿತಿಯೂ ಇದೇ. ಆದರೆ ಅಲ್ಲಿಯ ಗೋಡೆ ಎತ್ತರಕ್ಕೆ ಬೆಳೆದು ಬೆಳಕು ಬಿಡುವುದಿಲ್ಲ.

ಮನೆಯೊಳಗಣ ಬೆಳಕನ್ನು ಅಳೆಯುವುದರಲ್ಲಿ ನಮ್ಮ ಕಣ್ಣು ನಂಬತಕ್ಕ ಸಾಧನವಲ್ಲ. ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯವನ್ನು ನೋಡದವರು ಈ ಸೀಮೆಯಲ್ಲಿ ಕಡಮೆ. ಒಂಬತ್ತನೆಯ ಶತಮಾನದ ಆ ಗುಡಿಯ ನವರಂಗಕ್ಕೆ ಬಿಸಿಲಿನಿಂದ ನೇರವಾಗಿ ಹೊಕ್ಕರೆ ಮೊದಲು ಏನೂ ಸರಿಯಾಗಿ ಕಾಣುವುದಿಲ್ಲ. ಸ್ವಲ್ಪ ಹೊತ್ತು ನಿಂತರೆ ಮೇಲ್ಚಾವಣಿಯಲ್ಲಿ ಕುಣಿಯುವ ಶಿವನೂ ಸುತ್ತಲಿನ ದಿಕ್ಪಾಲಕರೂ ಒಬ್ಬೊಬ್ಬರಾಗಿ ಮೂಡುತ್ತಾರೆ. ಗುಡಿಯೊಳಗೆ ಬೆಳಕು ಹೆಚ್ಚಾಗಲಿಲ್ಲ, ನಮ್ಮ ಕಣ್ಣು ಹೊಂದಿಕೊಂಡಿತು. ಗಿಡದ ಎಲೆಗೆ ಈ ಉಪಾಯ ತಿಳಿಯದು. ಬಯಲಿನಲ್ಲಿ ನಡುಹಗಲಿನ ಬಿಸಿಲು ಸುಮಾರು 1,00,000 ಲಕ್ಸ್ ಇದ್ದರೆ, ನಾವು ಸುಖವಾಗಿ ಕುಳಿತು ಪತ್ರಿಕೆ ಓದುವ ನಡುಮನೆಯಲ್ಲಿ ಅದು ನೂರಿನ್ನೂರು ಲಕ್ಸ್ ಮಾತ್ರ ಇರಬಹುದು. ನಮಗೆ ಅದು ಬೆಳಕು, ಗಿಡಕ್ಕೆ ಉಪವಾಸ.

ಯಂತ್ರವಿಲ್ಲದೆ ಪರೀಕ್ಷಿಸಲು ಸುಲಭವಾದ ಕ್ರಮವೊಂದುಂಟು. ಮಧ್ಯಾಹ್ನದ ವೇಳೆ ಕುಂಡವನ್ನು ಇಡಬೇಕೆಂದಿರುವ ಸ್ಥಳದಲ್ಲಿ ಬಿಳಿಯ ಕಾಗದವನ್ನು ಹಾಸಿ, ಅದಕ್ಕೆ ಒಂದಡಿ ಮೇಲೆ ಅಂಗೈಯನ್ನು ಹಿಡಿಯಿರಿ. ಬೆರಳುಗಳ ನೆರಳು ಸ್ಪಷ್ಟವಾಗಿ ಬಿದ್ದರೆ ಬೆಳಕು ಧಾರಾಳವಾಗಿದೆ. ಮಸುಕಾಗಿಯಾದರೂ ಕೈಯ ಆಕಾರ ತಿಳಿದರೆ ಡ್ರೆಸೀನಾ, ಅಗ್ಲೋನೀಮ, ಮನಿಪ್ಲಾಂಟುಗಳಿಗೆ ಸಾಕು. ನೆರಳು ಇದೆಯೋ ಇಲ್ಲವೋ ಎಂಬ ಸಂದೇಹ ಬಂದರೆ ಅಲ್ಲಿ ಪಟ್ಟೆಯ ಹಾವಿನ ಗಿಡವನ್ನೋ, ಆಸ್ಪಿಡಿಸ್ಟ್ರವನ್ನೋ ಬಿಟ್ಟು ಬೇರೆಯದನ್ನು ಇಡಕೂಡದು. ಇವು ಕೂಡ ಅಲ್ಲಿ ಜೀವ ಹಿಡಿದುಕೊಂಡಿರುವುವೇ ಹೊರತು ಬೆಳೆಯಲಾರವು. ನೆರಳೇ ಬೀಳದ ಸ್ಥಳದಲ್ಲಿ ದೇವರ ಪಟವನ್ನು ತೂಗುಹಾಕುವುದು ಮೇಲು. ಎಲೆಯಲ್ಲಿ ಬಿಳುಪು, ಹಳದಿ, ಕೆಂಪು ಬಣ್ಣಗಳು ಹೆಚ್ಚಾದಷ್ಟೂ ಹಸಿರಿನ ಅಂಶ ಕಡಮೆ. ಆದಕಾರಣ ಅಂಥ ಗಿಡಕ್ಕೆ ಹೆಚ್ಚು ಬೆಳಕು ಬೇಕು. ‘ಸಾಂಗ್ ಆಫ್ ಇಂಡಿಯಾ’ ಎಂದು ಮಾರುವ ಹಳದಿ ಅಂಚಿನ ಡ್ರೆಸೀನಾ ಈ ವರ್ಗದ್ದು. ಹೆಸರಿನಲ್ಲಿ ಇಂಡಿಯವಿದ್ದರೂ ಅದರ ಮೂಲ ಹಿಂದೂ ಮಹಾಸಾಗರದ ಮಡಗಾಸ್ಕರ್ ಕಡೆಯದು.

ಈ ವಿಷಯದಲ್ಲಿ ನಮ್ಮ ಹಳೆಯ ತೊಟ್ಟಿಯ ಮನೆಗಳನ್ನು ಮೆಚ್ಚದೆ ಇರಲಾರೆ. ಗೋಡೆ ದಪ್ಪ, ಕಿಟಕಿ ಸಣ್ಣದು, ಅಟ್ಟದ ತುಂಬ ಕೊಬ್ಬರಿಯ ಕಾಯಿ; ಹಾಗಿದ್ದರೂ ನಡುವೆ ಆಕಾಶಕ್ಕೆ ತೆರೆದ ತೊಟ್ಟಿಯಿಂದ ಬೆಳಕೂ ಗಾಳಿಯೂ ಇಳಿಯುತ್ತಿದ್ದವು. ತೊಟ್ಟಿಯ ಸುತ್ತಣ ಕೈಸಾಲೆಗಿಂತ ಒಳ್ಳೆಯ ಸ್ಥಳ ಡ್ರೆಸೀನಾಕ್ಕೆ ಸಿಕ್ಕದು. ಮಳೆಗೆಂದೂ ಕೋತಿಗಳ ಕಾಟಕ್ಕೆಂದೂ ಆ ತೊಟ್ಟಿಗೆ ತಗಡು ಹೊದಿಸಿದವರು ಒಂದೆರಡು ತಗಡುಗಳ ಬದಲಿಗೆ ಬೆಳಕು ಬಿಡುವ ಹಾಳೆಯನ್ನು ಹಾಕಿಸಿದರೆ ಗಿಡಗಳಿಗಿಂತ ಮೊದಲು ಮನೆಯ ಹೆಂಗಸರು ಸಂತೋಷಪಡುವರು. ಅಟ್ಟದ ಮೇಲಾಗಲಿ ಕೊಬ್ಬರಿ ಕೂಡಿಹಾಕಿರುವ ಕೋಣೆಯಲ್ಲಾಗಲಿ ಕುಂಡವನ್ನಿಟ್ಟು ನೀರು ಹಾಕಕೂಡದು. ಹತ್ತು ತಿಂಗಳು ಒಣಗಿಸಿದ ಉಂಡೆ ಕೊಬ್ಬರಿಗೆ ತೇವದ ಸೋಂಕು ಬೇಡ.

ಇನ್ನು ನೀರು. ಮನೆಯೊಳಗಿನ ಗಿಡಗಳಲ್ಲಿ ನೀರಿಲ್ಲದೆ ಸತ್ತವಕ್ಕಿಂತ ನೀರು ಹೆಚ್ಚಾಗಿ ಸತ್ತವೇ ಬಹಳ. ಇದು ನನ್ನ ದೃಢವಾದ ಅಭಿಪ್ರಾಯ. ಬೆಳಕು ಕಡಮೆಯಾದರೆ ಗಿಡದ ಕೆಲಸ ಕಡಮೆ, ಕೆಲಸ ಕಡಮೆಯಾದರೆ ನೀರಿನ ಖರ್ಚು ಕಡಮೆ. ನಾವು ದಿನವೂ ಒಂದು ಚೊಂಬು ಹೊಯ್ಯುತ್ತಿದ್ದರೆ ಮಣ್ಣಿನಲ್ಲಿ ಗಾಳಿಯಾಡುವ ಸಂದುಗಳೆಲ್ಲ ತುಂಬಿ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಬೇರು ಕೊಳೆತ ಗಿಡ ನೀರನ್ನು ಹೀರಲಾರದೆ ಬಾಡುತ್ತದೆ. ಬಾಡಿತೆಂದು ಮನೆಯವರು ಇನ್ನೊಂದು ಚೊಂಬು ಹೊಯ್ಯುತ್ತಾರೆ. ತೋಟಕ್ಕೆ ನೀರು ಕಟ್ಟಿ ರೂಢಿಯಾದ ಕೈ ಕುಂಡದ ಮುಂದೆ ಸ್ವಲ್ಪ ಬಿಗಿಯಬೇಕು. ಬೆರಳನ್ನು ಎರಡಂಗುಲ ಮಣ್ಣಿಗೆ ಊರಿ ನೋಡುವುದು. ತಣ್ಣಗಿದ್ದರೆ ಬಿಡುವುದು, ಒಣಗಿದ್ದರೆ ಕೆಳಗಿನ ರಂಧ್ರದಿಂದ ಹರಿಯುವವರೆಗೆ ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲುವುದು. ಮಬ್ಬಾದ ಪಡಸಾಲೆಯಲ್ಲಿ ಡ್ರೆಸೀನಾಕ್ಕೆ ಹತ್ತು ಹದಿನೈದು ದಿನಗಳಿಗೊಮ್ಮೆ, ಹಾವಿನ ಗಿಡಕ್ಕೆ ತಿಂಗಳಿಗೊಮ್ಮೆ ನೀರು ಕೊಟ್ಟರೆ ಸಾಮಾನ್ಯವಾಗಿ ಸಾಕು. ಆದರೆ ದಿನ ಎಣಿಸುವುದಕ್ಕಿಂತ ಬೆರಳನ್ನು ನಂಬುವುದು ಲೇಸು.

ಕುಂಡಕ್ಕೆ ತುಂಬುವ ಮಣ್ಣಿನ ವಿಷಯದಲ್ಲಿ ನಮ್ಮ ಸೀಮೆಯವರು ಸಿರಿವಂತರು, ಅದನ್ನು ಅರಿಯದ ಸಿರಿವಂತರು. ತೆಂಗಿನ ಮಟ್ಟೆಯಿಂದ ನಾರು ತೆಗೆಯುವಲ್ಲಿ ಗುಡ್ಡೆಗುಡ್ಡೆಯಾಗಿ ಬೀಳುವ ನಾರಿನ ಪುಡಿಯನ್ನು ಒತ್ತಿ ಇಟ್ಟಿಗೆಯಂತೆ ಮಾಡಿ ಪಟ್ಟಣಗಳಲ್ಲಿ ಮಾರುತ್ತಾರೆ. ಅದೇ ಪುಡಿ ಪಟ್ಟಣದ ನರ್ಸರಿಯ ಕುಂಡದೊಳಗೆ ಕುಳಿತು, ಗಿಡದ ಬೆಲೆಯಲ್ಲಿ ಸೇರಿ, ನಮ್ಮೂರಿಗೇ ಮರಳಿ ಬರುತ್ತದೆ! ಈ ಪುಡಿ ತನ್ನ ತೂಕದ ಅನೇಕ ಪಾಲು ನೀರನ್ನು ಹಿಡಿದಿಡಬಲ್ಲದು, ಮಣ್ಣನ್ನು ಹಗುರ ಮಾಡಬಲ್ಲದು. ಹಸಿಯ ಪುಡಿಯಲ್ಲಿ ಲವಣಗಳಿರುವುದರಿಂದ ಮೂರು ನಾಲ್ಕು ಬಾರಿ ನೀರಿನಲ್ಲಿ ನೆನೆಸಿ ಹಿಂಡಿ ತೊಳೆಯಬೇಕು. ಸಾಧ್ಯವಾದರೆ ಸೆಗಣಿಯೊಡನೆ ಕೆಲವು ತಿಂಗಳು ಕೊಳೆಯಿಸಬೇಕು. ಕೊಳೆಯದ ಪುಡಿ ಗಿಡಕ್ಕೆ ಸಾರಜನಕವನ್ನು ಕೊಡುವುದಕ್ಕೆ ಬದಲಾಗಿ ತಾನೇ ಕಸಿದುಕೊಳ್ಳುತ್ತದೆ. ಪೇಟೆಯ ನರ್ಸರಿಯವರು ಕುಂಡದ ತುಂಬ ಬರಿಯ ನಾರಿನ ಪುಡಿಯನ್ನೇ ತುಂಬಿರುತ್ತಾರೆ. ಬೆಳಕೂ ಗಾಳಿಯೂ ಇರುವ ನೆರಳುಬಲೆಯ ಕೆಳಗೆ ಅದು ಸರಿ. ಮಬ್ಬಾದ ಮನೆಯೊಳಗೆ ಅದು ವಾರಗಟ್ಟಲೆ ಒಣಗುವುದಿಲ್ಲ. ಆದಕಾರಣ ಮನೆಗೆ ತಂದ ಗಿಡವನ್ನು ಒಂದೆರಡು ತಿಂಗಳಲ್ಲಿ ಬೇರೆ ಮಣ್ಣಿಗೆ ಬದಲಾಯಿಸಬೇಕು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೊಳೆದ ನಾರಿನ ಪುಡಿ, ತಳದಲ್ಲಿ ಒಂದು ಹಿಡಿ ಚಿಪ್ಪಿನ ಇದ್ದಲು: ಇದಕ್ಕಿಂತ ಹೆಚ್ಚಿನದೇನೂ ಬೇಡ. ಮನೆಯೊಳಗಿನ ಗಿಡಕ್ಕೆ ರಸಗೊಬ್ಬರದ ಅವಸರವಿಲ್ಲ. ಸೂಪರ್ ಫಾಸ್ಫೇಟನ್ನಂತೂ ಡ್ರೆಸೀನಾದ ಹತ್ತಿರ ತರಲೇಕೂಡದು. ಕಾರಣವನ್ನು ಮುಂದೆ ಹೇಳುತ್ತೇನೆ.

ಡ್ರೆಸೀನಾದ ಎಲೆಯ ತುದಿ ಕಂದಾಗಿ ಸುಟ್ಟಂತಾಗುವುದನ್ನು ಅನೇಕರು ಕಂಡಿರಬಹುದು. ಒಣಹವೆಯಿಂದಲೂ, ಮಣ್ಣಿನಲ್ಲಿ ಲವಣ ಹೆಚ್ಚಾದುದರಿಂದಲೂ, ಬೇರು ಕೊಳೆತುದರಿಂದಲೂ ಹೀಗಾಗಬಹುದು. ಆದರೆ ಈ ಕುಲದ ಗಿಡಗಳಿಗೆ ವಿಶೇಷವಾದ ಶತ್ರುವೊಂದುಂಟು, ಅದು ಫ್ಲೋರೈಡ್. ನೀರಿನೊಡನೆ ಬಂದ ಫ್ಲೋರೈಡ್ ಎಲೆಯ ತುದಿಗೂ ಅಂಚಿಗೂ ಹೋಗಿ ಸೇರಿ ಅಲ್ಲಿಯ ಜೀವಕೋಶಗಳನ್ನು ಕೊಲ್ಲುತ್ತದೆ. ಸೂಪರ್ ಫಾಸ್ಫೇಟಿನಲ್ಲಿಯೂ ಇದರ ಅಂಶವಿರುವುದರಿಂದಲೇ ಅದನ್ನು ಬೇಡವೆಂದದ್ದು. ತುಮಕೂರು ಜಿಲ್ಲೆಯ ಹಲವು ಕಡೆಗಳಲ್ಲಿ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಯನ್ನು ಮೀರಿರುವುದು ಎಲ್ಲರಿಗೂ ತಿಳಿದ ಸಂಗತಿ. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕೆಂದೂ, ಬೇರೆ ನೀರು ಸಿಕ್ಕದಿದ್ದರೆ 1.5 ಮಿಲಿಗ್ರಾಮನ್ನು ಮೀರಕೂಡದೆಂದೂ ನಮ್ಮ ದೇಶದ ಮಾನದಂಡ ಹೇಳುತ್ತದೆ. ಮಿತಿ ಮೀರಿದರೆ ಮಕ್ಕಳ ಹಲ್ಲು ಕರೆಗಟ್ಟುತ್ತದೆ. ಇನ್ನೂ ಹೆಚ್ಚಾಗಿ ಬಹುಕಾಲ ಕುಡಿದರೆ ಮೂಳೆಗಳು ಕೆಡುತ್ತವೆ. ಕುದಿಸಿದರೆ ಇದು ಹೋಗುವುದಿಲ್ಲ.

ಎಲೆಯ ತುದಿ ಸುಟ್ಟ ಮಾತ್ರಕ್ಕೆ ಬಾವಿಯ ನೀರು ವಿಷವೆಂದು ಹೇಳಲಾಗದು. ಮನುಷ್ಯರಿಗೆ ಅಪಾಯವಿಲ್ಲದಷ್ಟು ಅಲ್ಪ ಪ್ರಮಾಣಕ್ಕೂ ಡ್ರೆಸೀನಾ ನೋಯುವುದುಂಟು. ಗಿಡವು ಸುಳಿವು ಕೊಡಬಹುದು, ತೀರ್ಪು ಕೊಡಲಾರದು. ತೀರ್ಪಿಗೆ ನೀರಿನ ಪರೀಕ್ಷೆಯೇ ಆಗಬೇಕು. ಒಂದೇ ಬೀದಿಯ ನಾಲ್ಕಾರು ಮನೆಗಳಲ್ಲಿ, ಮಣ್ಣು ಬದಲಾಯಿಸಿದ ಮೇಲೆಯೂ, ಹೊಸ ಎಲೆಗಳ ತುದಿಯೂ ಸುಡುತ್ತಿದ್ದರೆ ಊರಿನ ಯಜಮಾನರು ಆ ಕೊಳವೆ ಬಾವಿಯ ನೀರನ್ನು ಶೀಸೆಯಲ್ಲಿ ತುಂಬಿ ಪರೀಕ್ಷೆಗೆ ಕಳುಹಿಸುವುದಕ್ಕೆ ಅಷ್ಟು ಕಾರಣ ಸಾಕೆಂದು ನಾನು ಬಲ್ಲೆ. ಗಿಡಕ್ಕಂತೂ ಚಾವಣಿಯಿಂದ ಹಿಡಿದಿಟ್ಟ ಮಳೆಯ ನೀರು ಉತ್ತಮ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. 1998ರಲ್ಲಿ ಕೇರಳದಲ್ಲಿ ಕಾಣಿಸಿದ ತೆಂಗಿನ ನುಸಿ ಕೆಲವೇ ವರ್ಷಗಳಲ್ಲಿ ನಮ್ಮ ತೋಟಗಳಿಗೂ ಬಂದು ಕಾಯಿಯನ್ನು ಸುಕ್ಕುಗಟ್ಟಿಸಿದ್ದನ್ನು ಮರೆತವರಿಲ್ಲ. 2016ರಲ್ಲಿ ಪೊಳ್ಳಾಚಿಯ ಕಡೆ ತೆಂಗಿನಲ್ಲಿ ಹೊಸದೊಂದು ಬಿಳಿನೊಣ ಕಂಡುಬಂತು. ಗರಿಯ ಅಡಿಯಲ್ಲಿ ಸುರುಳಿ ಸುರುಳಿಯಾಗಿ ಮೊಟ್ಟೆಯಿಟ್ಟು, ಬಿಳಿಯ ಮೇಣದ ಪುಡಿಯನ್ನು ಹರಡಿ, ರಸ ಹೀರುವ ಈ ಕೀಟದ ಮೂಲ ಮಧ್ಯ ಅಮೆರಿಕ. ಅದು ಸುರಿಸುವ ಅಂಟಿನ ಮೇಲೆ ಕಾಡಿಗೆಯಂಥ ಬೂಷ್ಟು ಬೆಳೆದು ಕೆಳಗಿನ ಗರಿಗಳೆಲ್ಲ ಕಪ್ಪಾಗುತ್ತವೆ. ಮೂರು ವರ್ಷ ಕಳೆಯುವುದರೊಳಗೆ, 2019ರಲ್ಲಿ, ನಮ್ಮ ಮಂಡ್ಯ ಜಿಲ್ಲೆಯಲ್ಲಿಯೇ ಮತ್ತೊಂದು ಜಾತಿಯ ಬಿಳಿನೊಣ ಈ ದೇಶದಲ್ಲಿ ಮೊದಲ ಬಾರಿಗೆ ಪತ್ತೆಯಾಯಿತು. ಅದು ಸಿಕ್ಕದ್ದು ತೆಂಗಿನ ಮೇಲೆ, ಜೊತೆಗೆ ಅಲಂಕಾರಕ್ಕೆಂದು ಬೆಳೆಸುವ ಅರೀಕ ಪಾಮ್ ಗಿಡದ ಮೇಲೆ. ಮನೆಯ ಬಾಗಿಲ ಇಕ್ಕೆಲಗಳಲ್ಲಿ, ಮದುವೆ ಮಂಟಪಗಳಲ್ಲಿ, ಬ್ಯಾಂಕಿನ ಮೆಟ್ಟಿಲುಗಳ ಬಳಿ ಕುಂಡಗಳಲ್ಲಿ ನಿಂತಿರುವ ಗಿಡ ಇದೇ.

ಅರೀಕ ಪಾಮ್ ಎಂಬುದು ತೆಂಗಿನ ದಾಯಾದಿ. ಡ್ರೆಸೀನಾ ಹಾಗಲ್ಲ, ನೋಡಲು ತಾಳೆಯಂತಿದ್ದರೂ ಅದರ ವಂಶ ಬೇರೆ. ಆದುದರಿಂದ ತೆಂಗಿನ ತೋಟದ ನಡುವೆ ಮನೆಯಿರುವವರು ಮನೆಯೊಳಗೆ ಗಿಡ ಬೇಕೆಂದರೆ ಡ್ರೆಸೀನಾವನ್ನು ಇಡಲಿ, ಪಾಮ್ ಜಾತಿಯ ಯಾವ ಕುಂಡವನ್ನೂ ಊರೊಳಗೆ ತರದಿರಲಿ ಎಂಬುದು ನನ್ನ ಅಭಿಪ್ರಾಯ. ಇದು ಕಠಿಣವೆಂದು ಕೆಲವರು ಹೇಳುವರು. ಬಿಳಿನೊಣ ಗಾಳಿಯಲ್ಲಿಯೂ ಬರುತ್ತದೆ, ಈಗಾಗಲೇ ತೋಟಗಳಲ್ಲಿದೆ, ಒಂದು ಕುಂಡವನ್ನು ತಡೆದು ಫಲವೇನು ಎಂದು ವಾದಿಸುವರು. ನುಸಿಯ ಹಿಂದೆ ಒಂದು ಬಿಳಿನೊಣ, ಅದರ ಹಿಂದೆಯೇ ಇನ್ನೊಂದು ಬಂದದ್ದನ್ನು ನೋಡಿದ ಮೇಲೆ ನಾವು ಕಾಯಬೇಕಾದದ್ದು ಬಂದಿರುವ ಕೀಟವನ್ನಲ್ಲ, ಇನ್ನು ಬರಲಿರುವುದನ್ನು. ಹೊರಗಿನಿಂದ ತರುವ ತೆಂಗಿನ ಸಸಿಗಳಿಂದ ಬರುವ ಅಪಾಯ ಇದಕ್ಕಿಂತ ದೊಡ್ಡದೆಂಬುದನ್ನೂ ಒಪ್ಪುತ್ತೇನೆ. ಆದರೆ ಸಸಿಯನ್ನು ಕೊಳ್ಳುವ ರೈತನು ಗರಿಯನ್ನು ತಿರುಗಿಸಿ ನೋಡುತ್ತಾನೆ. ಉಡುಗೊರೆಯಾಗಿ ಬಂದ ಕುಂಡದ ಎಲೆಯನ್ನು ತಿರುಗಿಸಿ ನೋಡಿದ ಗೃಹಸ್ಥನನ್ನು ನಾನು ಇನ್ನೂ ಕಾಣಬೇಕಾಗಿದೆ.

ಪಾಮ್ ಅಲ್ಲದ ಗಿಡಗಳಿಗೂ ಎಚ್ಚರಿಕೆ ಬೇಕು. ಸುರುಳಿ ಬಿಳಿನೊಣ ತೆಂಗಿನ ಮೇಲಷ್ಟೇ ಅಲ್ಲದೆ ಬಾಳೆ, ಸೀಬೆ ಮೊದಲಾಗಿ ಬಗೆಬಗೆಯ ಗಿಡಗಳ ಮೇಲೂ ಅಲಂಕಾರದ ಸಸ್ಯಗಳ ಮೇಲೂ ಬದುಕುತ್ತದೆ. ಮೊಟ್ಟೆಯಿಂದ ನೊಣವಾಗಲು ಅದಕ್ಕೆ ಹೆಚ್ಚುಕಡಮೆ ಒಂದು ತಿಂಗಳು ಹಿಡಿಯುತ್ತದೆ. ಆದ್ದರಿಂದ ಹೊಸ ಕುಂಡವನ್ನು ಆರು ವಾರ ಮನೆಯೊಳಗಿನ ಒಂದು ಕೊಠಡಿಯಲ್ಲಿ, ತೋಟದ ಕಡೆಯ ಕಿಟಕಿಯಿಂದ ದೂರದಲ್ಲಿ ಪ್ರತ್ಯೇಕವಾಗಿಡಬೇಕು. ವಾರಕ್ಕೊಮ್ಮೆ ಪ್ರತಿಯೊಂದು ಎಲೆಯ ಅಡಿಭಾಗವನ್ನೂ ನೋಡಿ, ಒದ್ದೆ ಬಟ್ಟೆಯಿಂದ ಒರಸಬೇಕು. ಬಿಳಿಯ ಸುರುಳಿ, ಬಿಳಿಯ ಅಂಚುಳ್ಳ ಕಪ್ಪು ಚುಕ್ಕೆ, ಹತ್ತಿಯಂಥ ಹಿಟ್ಟು ತಿಗಣೆ ಇವುಗಳಲ್ಲಿ ಯಾವುದು ಕಂಡರೂ ಸೋಪಿನ ನೀರಿನಿಂದ ತೊಳೆಯುವುದು. ಎರಡು ಸಲ ತೊಳೆದರೂ ಮರಳಿದರೆ ಗಿಡವನ್ನು ಸುಡುವುದು. ತಿಪ್ಪೆಗೆ ಎಸೆಯುವುದೆಂದರೆ ಕೀಟವನ್ನು ತೋಟಕ್ಕೆ ಕಳುಹಿಸಿಕೊಟ್ಟಂತೆ. ತೋಟದಲ್ಲಿ ಈಗಾಗಲೇ ಬಿಳಿನೊಣವಿರುವವರು ಅವಸರಪಟ್ಟು ವಿಷದ ಔಷಧಗಳನ್ನು ಸಿಂಪಡಿಸಕೂಡದು. ಅದನ್ನು ತಿಂದು ಬದುಕುವ ಎನ್‌ಕಾರ್ಸಿಯ ಎಂಬ ಅತಿ ಸೂಕ್ಷ್ಮವಾದ ಕಣಜವೊಂದಿದೆ. ಔಷಧಕ್ಕೆ ಮೊದಲು ಸಾಯುವುದು ಈ ಕಣಜವೇ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರ ಸಲಹೆಯೂ ಅದನ್ನು ಕಾಪಾಡಬೇಕೆಂಬುದೇ.

ಗ್ರಾಮದ ಮುಖ್ಯಸ್ಥರು ಮನಸ್ಸು ಮಾಡಿದರೆ ಈ ಆರು ವಾರಗಳ ಪದ್ಧತಿಯನ್ನು ಊರಿನ ಕಟ್ಟಾಗಿ ಮಾಡಬಹುದು. ಜಾತ್ರೆಗೆ ಬರುವ ದನಗಳಿಗೆ ಕಾಲುಬಾಯಿ ಜ್ವರದ ಭಯವಿದ್ದಾಗ ಹೊಸ ದನವನ್ನು ಬೇರೆ ಕಟ್ಟುವುದಿಲ್ಲವೇ?

ಸಣ್ಣಪುಟ್ಟ ಸಂಗತಿಗಳು ಕೆಲವಿವೆ. ಕುಂಡದ ಗಿಡಗಳು ಮನೆಯ ಗಾಳಿಯನ್ನು ಶುದ್ಧಿ ಮಾಡುತ್ತವೆಂದು ಮಾರುವವರು ಹೇಳುತ್ತಾರೆ. 1989ರಲ್ಲಿ ಅಮೆರಿಕದ ನಾಸಾ ಸಂಸ್ಥೆಯವರು ಮುಚ್ಚಿದ ಪೆಟ್ಟಿಗೆಯೊಳಗೆ ಮಾಡಿದ ಪ್ರಯೋಗದಿಂದ ಈ ಮಾತು ಹಬ್ಬಿತು. 2019ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದವರು, ಕಿಟಕಿ ತೆರೆದಷ್ಟು ಪ್ರಯೋಜನ ಬರಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡಗಳು ಬೇಕಾಗುವುವೆಂದು ಕಂಡುಕೊಂಡರು. ಅಡಿಗೆಮನೆಯ ಹೊಗೆಗೆ ಕಿಟಕಿಯೇ ಮದ್ದು. ಲಕ್ಕಿ ಬ್ಯಾಂಬೂವಿನ ಪಾತ್ರೆಯ ನೀರನ್ನು ವಾರಕ್ಕೊಮ್ಮೆ ತಪ್ಪದೆ ಬದಲಾಯಿಸಿ ಪಾತ್ರೆಯ ಒಳಗೋಡೆಯನ್ನು ಉಜ್ಜಬೇಕು. 2001ರಲ್ಲಿ ಚೀನಾದಿಂದ ಕ್ಯಾಲಿಫೋರ್ನಿಯಕ್ಕೆ ಹಡಗಿನಲ್ಲಿ ಹೋದ ಇದೇ ಗಿಡದ ಜೊತೆಯಲ್ಲಿ ಡೆಂಗಿ ಹರಡುವ ಜಾತಿಯ ಸೊಳ್ಳೆಗಳೂ ಇಳಿದವು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಡೈಫೆನ್‌ಬಾಕಿಯ ಎಂಬ ಚುಕ್ಕೆ ಎಲೆಯ ಗಿಡ ಬೇಡವೇ ಬೇಡ. ಕಚ್ಚಿದರೆ ನಾಲಗೆಯೂ ಗಂಟಲೂ ಊದಿಕೊಳ್ಳುತ್ತವೆ. ಡ್ರೆಸೀನಾದ ಎಲೆಯನ್ನು ತಿಂದ ನಾಯಿ ಬೆಕ್ಕುಗಳು ವಾಂತಿ ಮಾಡುವುವು. ಸವರಿದ ಎಲೆಗಳನ್ನು ಕೊಟ್ಟಿಗೆಯ ಹತ್ತಿರ ಹಾಕಬೇಡಿ.

ಹೊರಗಿನಿಂದ ಕುಂಡ ತರುವುದನ್ನು ಕಡಮೆ ಮಾಡಬೇಕಾದರೆ ಊರಿನಲ್ಲಿಯೇ ಗಿಡ ಮಾಡಿಕೊಳ್ಳಬೇಕು, ಡ್ರೆಸೀನಾದಷ್ಟು ಸುಲಭವಾಗಿ ಬರುವುದು ಮತ್ತೊಂದಿಲ್ಲ. ಮುಂಗಾರಿನ ಮಳೆ ಹಿಡಿದ ಮೇಲೆ, ಆರು ವಾರ ಪರೀಕ್ಷಿಸಿ ನಿರ್ದೋಷವೆಂದು ತಿಳಿದ ಒಂದು ಗಿಡದ ತುದಿಯನ್ನು ಕತ್ತರಿಸಿ, ಉಳಿದ ಕಾಂಡವನ್ನು ನಾಲ್ಕರಿಂದ ಆರಂಗುಲದ ತುಂಡುಗಳಾಗಿ ಮಾಡಿ, ಮೇಲುಕೆಳಗಾಗದಂತೆ ಗುರುತಿಟ್ಟುಕೊಂಡು, ಒದ್ದೆ ಮರಳಿನಲ್ಲಿ ಅರ್ಧದವರೆಗೆ ಊರಿ ನೆರಳಿನಲ್ಲಿಡಬೇಕು. ನಾಲ್ಕಾರು ವಾರಗಳಲ್ಲಿ ಬೇರು ಬರುವುದು. ಮೋಟಾಗಿ ನಿಂತ ತಾಯಿಗಿಡವೂ ಕತ್ತರಿಸಿದ ಸ್ಥಳದ ಕೆಳಗೆ ಒಂದೆರಡು ಚಿಗುರುಗಳನ್ನು ಒಡೆಯುವುದು. ಹಾವಿನ ಗಿಡವನ್ನು ಎಲೆಯ ತುಂಡಿನಿಂದಲೂ ಮಾಡಬಹುದು, ಆದರೆ ಹಳದಿ ಅಂಚಿನ ಜಾತಿ ಹಾಗೆ ಮಾಡಿದರೆ ಅಂಚನ್ನು ಕಳೆದುಕೊಂಡು ಬರಿಯ ಹಸಿರಾಗಿ ಹುಟ್ಟುವುದು. ಅಂಚು ಬೇಕೆಂದರೆ ಗೆಡ್ಡೆಯನ್ನೇ ಸೀಳಿ ನೆಡಬೇಕು. ಒಂದು ಮನೆಗೆ ಎರಡು ಜೊತೆ ಕುಂಡಗಳಿದ್ದರೆ ಒಂದು ಜೊತೆ ಪಡಸಾಲೆಯಲ್ಲಿಯೂ ಇನ್ನೊಂದು ಜಗಲಿಯ ನೆರಳಿನಲ್ಲಿಯೂ ಇದ್ದು ಹದಿನೈದು ದಿನಗಳಿಗೊಮ್ಮೆ ಸ್ಥಳ ಬದಲಾಯಿಸಬಹುದು. ಒಳಗಿನಿಂದ ತಂದ ಗಿಡವನ್ನು ನೇರವಾಗಿ ಬಿಸಿಲಿಗೆ ಮಾತ್ರ ಇಡಕೂಡದು. ಒಂದೇ ಮಧ್ಯಾಹ್ನದಲ್ಲಿ ಎಲೆ ಬೆಂದು ಬಿಳಿಚಿಕೊಳ್ಳುವುದು.